ಕೇಳಿ ಪಡೆದ ವರ್ಗ

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಸ್ಕೋಕಿ ಊರಿನ ಆ ಮನೆಯಲ್ಲಿ ಉಪ್ಪಿಟ್ಟು ತಳ ಹಿಡಿಯಿತು. ಮೊಮ್ಮಗ ಮಹಡಿಯ ಮೇಲಿಂದ ಕೂಗಿಕೊಂಡದ್ದನ್ನು ಕೇಳಿ ಇಂದುಮತಿಯವರು ಒಲೆ ಆರಿಸುವುದನ್ನು ಮರೆತು, ಸೌಟು ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಬಂದಿದ್ದರು. ಮಗ ಸಾಕೇತ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ದನಿಯೆತ್ತಿ ಕೂಗಿರಲಿಲ್ಲ.

"ಏನಾಯ್ತೋ ಋಷಿ?"

"ಸಿಕ್ತು ಅಜ್ಜಿ! ಟ್ರಾನ್ಸ್‌ಫರ್ ಸಿಕ್ತು!"

"ಯಾವ ಊರಿಗೋ?"

"ಡೆಟ್ರಾಯ್ಟ್ ಹತ್ರ. ಅಶ್ವಥ್ ಮಾಮನ ಮನೆಯಿಂದ ಹತ್ತೇ ಮೈಲಿ."

"ನಿಮ್ಮ ತಾತನಿಗೆ ವರ್ಗ ಅಂದ್ರೆ ಜ್ವರ ಬರ್ತಿತ್ತು. ಕೇಳ್ಕೊಂಡು ವರ್ಗ ಮಾಡಿಸ್ಕೊಳ್ಳೋನು ಅಂದ್ರೆ ನೀನೊಬ್ಬನೇ ಕಣೋ."

ಹದಿನಾಲ್ಕು ವರ್ಷದ ಮೊಮ್ಮಗಳು ಇಂಚರ ಸೋಫಾದಿಂದಲೇ, "ಅಜ್ಜಿ, ಇಟ್ಸ್ ನಾಟ್ ಎ ಪನಿಶ್‌ಮೆಂಟ್," ಎಂದಳು. "ಅಂಡ್ ಉಪ್ಪಿಟ್ಟು ಈಸ್ ಬರ್ನಿಂಗ್."

ಇಂದುಮತಿಯವರ ಯಜಮಾನರು ಶೇಷಾದ್ರಿಗಳು ಖಜಾನೆ ಇಲಾಖೆಯಲ್ಲಿದ್ದವರು. ಚಾಮರಾಜನಗರ, ನಾಗಮಂಗಲ, ತರೀಕೆರೆ ಎಂದು ಊರೂರು ತಿರುಗಿದವರು. ಪ್ರತಿ ಸಲ ಆಜ್ಞೆ ಬಂದಾಗಲೂ ಅದನ್ನು ರದ್ದು ಮಾಡಿಸಲು ಯಾರು ಯಾರನ್ನೋ ಹೋಗಿ ಕಾಣುತ್ತಿದ್ದರು. ರದ್ದಾದರೆ ಪಾಯಸ ಮಾಡುತ್ತೇನೆಂದು ಇಂದುಮತಿಯವರು ದೇವರಿಗೆ ಹೇಳಿಕೊಳ್ಳುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಆ ಪಾಯಸ ಆಗಿತ್ತು.

ಋಷಿಯ ವರ್ಗವನ್ನು ಗೊತ್ತು ಮಾಡಿದ್ದವನು ಅವನ ಅಪ್ಪ. ಹೈಸ್ಕೂಲು ಮುಗಿದಾಗ ಮಗನನ್ನು ಕೂರಿಸಿಕೊಂಡು, "ಎರಡು ವರ್ಷ ಇಲ್ಲೇ ಕಮ್ಯೂನಿಟಿ ಕಾಲೇಜು, ಫೀಸು ಕಡಿಮೆ. ಆಮೇಲೆ ಎರಡು ವರ್ಷ ದೊಡ್ಡ ಯೂನಿವರ್ಸಿಟಿ. ಕೊನೆಗೆ ಕೈಗೆ ಬರೋ ಡಿಗ್ರಿ ಒಂದೇ," ಎಂದಿದ್ದ. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ ಬೇರೆ ತಂದೆತಾಯಿಗಳಂತೆ ಮಾತು ತೇಲಿಸದೆ, "ನಮ್ಮೋನು ಕಮ್ಯೂನಿಟಿ ಕಾಲೇಜು," ಎಂದು ಹೇಳುತ್ತಿದ್ದ. ಎರಡನೆಯ ವರ್ಷದ ಅಕ್ಟೋಬರಿನಲ್ಲಿ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ತೆಗೆಯುತ್ತಿದ್ದವನು ಹಾಗೆಯೇ ಕುಸಿದು ಹೋದ. ಋಷಿ ಕರ್ಮ ಮುಗಿಸಿ ತಲೆ ಬೋಳಿಸಿಕೊಂಡೇ ಕಾಲೇಜಿಗೆ ಹೋದ. ಆ ಸೆಮಿಸ್ಟರಿನಲ್ಲಿಯೂ ಅವನ ಗ್ರೇಡು ಇಳಿಯಲಿಲ್ಲ.

ವರ್ಷದೊಳಗೆ ಹಬ್ಬವಿಲ್ಲ, ಸಿಹಿಯಡಿಗೆಯಿಲ್ಲ. ಯುಗಾದಿಗೂ ಆ ಮನೆಯಲ್ಲಿ ಒಬ್ಬಟ್ಟು ಆಗಿರಲಿಲ್ಲ. ಇಂದುಮತಿಯವರು ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತಂದು ಮೊಮ್ಮಗನ ಅಂಗೈಗೆ ಹಾಕಿದರು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಅಜ್ಜಿಯ ಕಾಲು ಮುಟ್ಟಿದ.

ಸೊಸೆ ಸುಹಾಸಿನಿ ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದಾಗ ಮಧ್ಯಾಹ್ನ ದಾಟಿತ್ತು. ಕೋಟು ತೆಗೆಯದೆ ನಿಂತುಕೊಂಡೇ ಮಗನ ಫೋನಿನಲ್ಲಿ ಬಂದಿದ್ದನ್ನು ಎರಡು ಸಲ ಓದಿದಳು.

"ಸ್ಕಾಲರ್‌ಶಿಪ್ ಕೊಡ್ತಾರಂತೆ. ಟ್ರಾನ್ಸ್‌ಫರ್ ಆಗಿ ಬರೋರಿಗೇ ಅಂತ ಇರೋದು. ಅದಿಲ್ದಿದ್ರೆ ನಮ್ಮ ಕೈಲಿ ಆಗೋ ಮಾತಲ್ಲ," ಎಂದು ಅತ್ತೆಗೆ ಹೇಳಿ ಮಗನ ಕಡೆ ತಿರುಗಿದಳು. "ಇದೇನೋ ಕೆಳಗೆ ಬರ್ದಿರೋದು? ಮೊದಲನೇ ಸೆಮಿಸ್ಟರಲ್ಲಿ ಯಾವುದರಲ್ಲೂ ಬಿ ಗ್ರೇಡಿಗಿಂತ ಕೆಳಗೆ ಹೋಗಬಾರದು ಅಂತ?"

"ಹೋಗಲ್ಲಮ್ಮ."

"ಸರ್ಕ್ಯೂಟ್ಸ್ ಕೋರ್ಸು ಲೆಕ್ಕಕ್ಕೆ ತಗೊಂಡಿಲ್ಲ ಅವರು. ಮತ್ತೆ ಮಾಡಬೇಕು."

"ಒಂದು ಸಲ ಮಾಡಿದೀನಿ. ಇನ್ನೊಂದು ಸಲ ಮಾಡೋಕೇನು ಕಷ್ಟ?"

ರಾತ್ರಿ ಊಟಕ್ಕೆ ಮೆಂತ್ಯದ ಸೊಪ್ಪಿನ ಹುಳಿ. ಸಾಕೇತ ಕೂರುತ್ತಿದ್ದ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ; ತೊಳೆದ ಬಟ್ಟೆಗಳನ್ನು ಮಡಿಸಿ ಅದರ ಮೇಲೆ ಇಡುತ್ತಿದ್ದರು. ಅನ್ನ ಬಡಿಸುತ್ತಾ ಇಂದುಮತಿಯವರು ಮಾತು ತೆಗೆದರು.

"ಗಂಡು ದಿಕ್ಕು ಇಲ್ಲದ ಮನೆ ಆಗುತ್ತೆ."

"ಅಮ್ಮ, ಹಾಗೆಲ್ಲ ಅನ್ನಬೇಡಿ," ಎಂದಳು ಸುಹಾಸಿನಿ. "ಅವರಿದ್ದಿದ್ರೆ ಇಷ್ಟು ಹೊತ್ತಿಗೆ ಕಾರಿಗೆ ಸಾಮಾನು ತುಂಬಿರೋರು."

"ನಾನೇನು ಹೋಗಬೇಡ ಅಂದ್ನೇ? ಒಂದೇ ಮಾತು ಕೇಳ್ತೀನಿ." ಅವರು ಮೊಮ್ಮಗನ ಎದುರಿಗೆ ಬಂದು ನಿಂತರು. "ನಿಮ್ಮಪ್ಪನ ವರ್ಷದ ತಿಥಿಗೆ ನೀನು ಬರಬೇಕು. ಆ ದಿನಕ್ಕೇ ಬರಬೇಕು. ನೀನಲ್ಲದೆ ಅವನಿಗೆ ಇನ್ಯಾರೂ ಇಲ್ಲ."

"ಬರ್ತೀನಿ ಅಜ್ಜಿ. ಪ್ರಾಮಿಸ್."

ಆಗಸ್ಟಿನಲ್ಲಿ ಸುಹಾಸಿನಿಯ ತಮ್ಮ ಅಶ್ವಥ್ ಡೆಟ್ರಾಯ್ಟ್ ಪಕ್ಕದ ಸೌತ್‌ಫೀಲ್ಡಿನಿಂದ ವ್ಯಾನು ತಂದ. ಋಷಿ ಇನ್ನು ಮಾಮ ಮತ್ತು ಅವನ ಹೆಂಡತಿ ಛಾಯಾ ಅವರ ಮನೆಯಲ್ಲಿ ಇದ್ದು ಓದುವುದೆಂದಾಗಿತ್ತು. ಇಂದುಮತಿಯವರು ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಕೊಟ್ಟರು.

"ಅಮ್ಮ, ನಮ್ಮ ಮನೇಲೂ ಅಡುಗೆ ಮಾಡ್ತೀವಿ," ಎಂದು ಅಶ್ವಥ್ ನಕ್ಕ.

"ಛಾಯಾ ಕೆಲಸಕ್ಕೆ ಹೋಗೋಳಪ್ಪ. ಅವಳ ಮೇಲೆ ಯಾಕೆ ಹೊರೆ?"

"ಹೊರೆ ಏನು ಬಂತು? ಇವನು ಬಂದ್ರೆ ಡ್ರೈವ್‌ವೇ ಹಿಮ ಎತ್ತೋಕೆ ಒಬ್ಬ ಸಿಕ್ಕ."

ಎಲ್ಲರೂ ನಕ್ಕರು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಸುಹಾಸಿನಿ ಒಳಗೆ ಬಂದು, ಋಷಿ ತಿಂದು ಬಿಟ್ಟಿದ್ದ ದೋಸೆಯ ತಟ್ಟೆಯನ್ನು ತೊಳೆದಿಟ್ಟಳು. ಕಸ ಹೊರಗಿಡುವ ಕೆಲಸ ಅಂದಿನಿಂದ ಇಂಚರಳ ಪಾಲಿಗೆ ಬಂತು. ಅವಳು ಅದನ್ನು ಪ್ರತಿ ವಾರ ಮರೆಯುತ್ತಿದ್ದಳು.

ಭಾನುವಾರಗಳಂದು ಊಟದ ಹೊತ್ತಿಗೆ ಋಷಿ ಫೋನು ಮಾಡುತ್ತಿದ್ದ. ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟು ಮೂವರೂ ಸುತ್ತ ಕೂರುತ್ತಿದ್ದರು.

"ಸ್ನೇಹಿತರು ಸಿಕ್ಕಿದ್ರೇನೋ?" ಎಂದು ಸುಹಾಸಿನಿ ಕೇಳಿದಳು.

"ಎಲ್ರೂ ಮೊದಲನೇ ವರ್ಷದಿಂದ ಒಟ್ಟಿಗೆ ಇರೋರಮ್ಮ. ಲ್ಯಾಬಲ್ಲಿ ಆಗಲೇ ಜೊತೆ ಮಾಡ್ಕೊಂಡಿರ್ತಾರೆ. ನಾನು ಹೋಗಿ ನಿಂತ್ರೆ, ನೀನು ಯಾವ ಸೆಕ್ಷನ್ನು ಅಂತಾರೆ. ಟ್ರಾನ್ಸ್‌ಫರ್ ಅಂದ್ರೆ, ಓ ಅಂತಾರೆ, ಅಷ್ಟೆ."

"ಊಟ?"

"ಮಧ್ಯಾಹ್ನ ಮಾಮನ ಹಳೇ ಕಾರಲ್ಲಿ ಕೂತ್ಕೊಂಡು ತಿಂತೀನಿ. ಛಾಯಾ ಅತ್ತೆ ಚಪಾತಿ ಕಟ್ಟಿ ಕೊಡ್ತಾರೆ."

"ಕಾರಲ್ಲಿ ಯಾಕೆ?"

ಋಷಿ ಮಾತನ್ನು ಪಾಠದ ಕಡೆಗೆ ತಿರುಗಿಸಿದ. ಸರ್ಕ್ಯೂಟ್ಸಿನ ಮೊದಲ ಎರಡು ಕಿರುಪರೀಕ್ಷೆಗಳು ಸುಮಾರಾಗಿ ಆಗಿದ್ದವು. ಇಲ್ಲಿ ಮಾಡಿದ ಪಾಠವೇ ಅಲ್ಲಿ ಬೇರೆ ರೀತಿ, ಬೇರೆ ವೇಗ. ಅಕ್ಟೋಬರಿನ ಮಿಡ್‌ಟರ್ಮ್ ಪರೀಕ್ಷೆ ಚೆನ್ನಾಗಿ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ಅವನು ಹೇಳುತ್ತಿದ್ದ.

ನವರಾತ್ರಿಗೆ ಮುಂಚೆ ಇಂದುಮತಿಯವರು ಫ್ರಿಜ್ಜಿನ ಪಕ್ಕದ ಗೋಡೆಯಿಂದ ಕ್ಯಾಲೆಂಡರನ್ನು ಇಳಿಸಿ ಮೇಜಿನ ಮೇಲೆ ಹರಡಿಕೊಂಡರು. ಅವರ ತಂಗಿ ನೀಲಾಂಬಿಕಾ ಮೈಸೂರಿನಿಂದ ವರ್ಷ ವರ್ಷ ಕಳಿಸುವ ಕ್ಯಾಲೆಂಡರು ಅದು. ದಿನದಿನದ ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಅದರಲ್ಲಿ ಇರುತ್ತಿತ್ತು. ಯಜಮಾನರ ಶ್ರಾದ್ಧದ ದಿನವನ್ನು ಪ್ರತಿ ವರ್ಷ ಸಾಕೇತನೇ ದೇವಸ್ಥಾನದಲ್ಲಿ ಕೇಳಿಕೊಂಡು ಬಂದು, "ಅಮ್ಮ, ಈ ಸಲ ಇಂಥ ದಿನ," ಎನ್ನುತ್ತಿದ್ದ. ಅವರು ಅಡುಗೆ ಮಾಡುತ್ತಿದ್ದರು. ಈಗ ನೋಡುವವರು ಯಾರೂ ಇಲ್ಲವೆಂದು ತಾವೇ ಕನ್ನಡಕ ಹಾಕಿಕೊಂಡು ನೋಡಿದರು. ಸಾಕೇತ ಹೋದದ್ದು ಆಶ್ವಯುಜ ಬಹುಳ ಪಂಚಮಿ. ಪಂಚಮಿ ಅಕ್ಟೋಬರಿನ ಒಂದು ಸೋಮವಾರ ಬಿದ್ದಿತ್ತು. ಆ ದಿನದ ಚೌಕಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ದೇವಸ್ಥಾನದ ಶಿವರಾಮ ಭಟ್ಟರಿಗೆ ಫೋನು ಮಾಡಿಸಿ, ತಾರೀಖು ಹೇಳಿ, "ಸೋಮವಾರ ನಮ್ಮ ಸಾಕೇತನ ವರ್ಷಾಬ್ದಿಕ. ಮನೆಗೆ ಬರಬೇಕು," ಎಂದರು. ಭಟ್ಟರು, "ಆಗಲಿ ಅಮ್ಮ," ಎಂದರು.

ಆ ಭಾನುವಾರ ಋಷಿಗೆ ಫೋನಿನಲ್ಲಿ ಹೇಳಿದರು.

"ಸೋಮವಾರಾನಾ ಅಜ್ಜಿ? ಸೋಮವಾರ ಮಿಡ್‌ಟರ್ಮ್ ಇದೆ. ಸರ್ಕ್ಯೂಟ್ಸು."

"ಅಯ್ಯೋ ದೇವರೇ."

"ಭಾನುವಾರ ಮಾಡೋಕಾಗಲ್ವಾ? ಟೆಂಪಲಲ್ಲಿ ಎಲ್ರೂ ವೀಕೆಂಡಲ್ಲೇ ಮಾಡ್ತಾರಲ್ಲ. ಭಾನುವಾರ ಮುಗಿಸಿ ಸಂಜೆ ಬಸ್ಸಿಗೆ ವಾಪಸ್ ಬಂದ್ಬಿಡ್ತೀನಿ."

"ತಿಥಿ ಅಂದ್ರೆ ಬರ್ತ್‌ಡೇ ಪಾರ್ಟಿ ಏನೋ, ಶನಿವಾರ ಭಾನುವಾರ ನೋಡ್ಕೊಂಡು ಮಾಡೋಕೆ?"

ಸುಹಾಸಿನಿ ತಟ್ಟೆ ದೂರ ತಳ್ಳಿದಳು. "ಅಮ್ಮ, ಒಂದು ದಿನ ಹಿಂದಕ್ಕೆ ಹಾಕಿದ್ರೆ ಏನಾಗಿಬಿಡುತ್ತೆ? ಅವನ ಓದಿನ ವಿಷಯ ಇದು."

"ವರ್ಷಕ್ಕೆ ಒಂದು ದಿನ ಸಾಕೇತ ಈ ಮನೆ ಬಾಗಿಲಿಗೆ ಬರೋದು. ನಾವು ಹಿಂದಿನ ದಿನ ಎಲೆ ಹಾಕಿ ತೆಗೆದುಬಿಟ್ಟು, ಅವನು ಬಂದ ದಿನ ಖಾಲಿ ಮನೆ ತೋರಿಸೋದೇ?"

"ಅವರೇ ಇದ್ದಿದ್ರೆ ಎಕ್ಸಾಮ್ ಬರಿ ಅಂತಿದ್ರು."

"ಇದ್ದಿದ್ರೆ ಈ ತಿಥಿ ಎಲ್ಲಿಂದ ಬರ್ತಿತ್ತು ಸುಹಾಸಿನಿ?"

ಜಾಡಿಗೆ ಒರಗಿದ್ದ ಫೋನಿನೊಳಗಿಂದ ಋಷಿ, "ಜಗಳ ಆಡಬೇಡಿ. ಪ್ರಾಮಿಸ್ ಮಾಡಿದೀನಲ್ಲ, ಬರ್ತೀನಿ. ಪ್ರೊಫೆಸರ್‌ನ ಕೇಳ್ತೀನಿ," ಎಂದ.

ಕೇಳಿದ. ಪ್ರೊಫೆಸರ್ ಸಮಾಧಾನದಿಂದಲೇ ಕೇಳಿಸಿಕೊಂಡರಂತೆ. ತಂದೆ ತೀರಿಕೊಂಡು ವರ್ಷವಾಗಿರುವುದರಿಂದ ಸಾವಿನ ಕಾರಣಕ್ಕೆ ಕೊಡುವ ರಜೆ ಇದಕ್ಕೆ ಸಲ್ಲುವುದಿಲ್ಲ. ಆದರೆ ಧರ್ಮದ ಪ್ರಕಾರ ಅದೇ ದಿನ ಮಾಡಲೇಬೇಕಾದ ಕಾರ್ಯವಾದರೆ ಬೇರೆ ದಿನ ಪರೀಕ್ಷೆ ಕೊಡಬಹುದು, ಪುರೋಹಿತರಿಂದ ಹಾಗೆಂದು ಒಂದು ಸಾಲು ಬರೆಸಿಕೊಂಡು ಬಾ ಎಂದರಂತೆ. ಮನೆಯವರಿಗೆಲ್ಲ ಉಸಿರು ಬಂದಂತಾಯಿತು. "ನೋಡಿದೆಯಾ? ದೇವರು ಕೈ ಬಿಡಲಿಲ್ಲ," ಎಂದು ಇಂದುಮತಿಯವರು ಸೊಸೆಗೆ ಹೇಳಿದರು. ಸುಹಾಸಿನಿ ಆ ದಿನ ಅತ್ತೆಗೆ ಕಾಫಿ ಬೆರೆಸಿ ತಾನೇ ತಂದು ಕೊಟ್ಟಳು.

ಋಷಿ ಶನಿವಾರ ರಾತ್ರಿಯ ಬಸ್ಸು ಹಿಡಿದು ಭಾನುವಾರ ಬೆಳಿಗ್ಗೆ ಬಂದ. ಸೊರಗಿದ್ದ. ಪುಸ್ತಕದ ಚೀಲ ಕೆಳಗಿಳಿಸುವ ಮೊದಲೇ ಅಜ್ಜಿ ಅವನ ಗಲ್ಲ ಹಿಡಿದು ನೋಡಿದರು.

"ಕಾರಲ್ಲಿ ತಿಂದ್ರೆ ಇನ್ನೇನಾಗುತ್ತೆ?"

ಮರುದಿನ ಶ್ರಾದ್ಧವಾದ್ದರಿಂದ ಅಂದು ಹಗುರವಾದ ಊಟ. ಅನ್ನ, ಹೆಸರುಬೇಳೆ ತೊವ್ವೆ, ಮಜ್ಜಿಗೆ. ಋಷಿ ಉಂಡು ಅಡುಗೆಮನೆಯ ನೆಲದ ಮೇಲೆಯೇ ಕಾಲು ಚಾಚಿ, ಅಜ್ಜಿ ಎಳ್ಳು ಆರಿಸುವುದನ್ನು ನೋಡುತ್ತಾ ಕೂತ. ಮನೆಯ ಹಿಂದಿನ ಮರದ ಡೆಕ್ಕಿನ ಕಟಾಂಜನದ ಮೇಲೆ ಒಂದು ಕಾಗೆ ಬಂದು ಕೂತು ಕೂಗತೊಡಗಿತು. ಹಾರಿ ಹೋಗಿ ಬೇಲಿಯ ಮೇಲೆ ಕೂತು, ಮತ್ತೆ ಬಂದು ಗಾಜಿನ ಬಾಗಿಲ ಎದುರಿಗೇ ಕೂಗಿತು.

"ಸೋ ರೂಡ್," ಎಂದಳು ಇಂಚರ.

ಇಂದುಮತಿಯವರು ನಗುತ್ತಾ ಬಾಗಿಲು ಸರಿಸಿ, "ನಾಳೆ ಬಾರಪ್ಪ, ನಾಳೆ. ಇವತ್ತು ಏನೂ ಇಲ್ಲ," ಎಂದರು. ಕಾಗೆ ಇನ್ನೂ ಸ್ವಲ್ಪ ಹೊತ್ತು ಇದ್ದು ಹೋಯಿತು.

ಅನಂತರ ಸುಹಾಸಿನಿ, ಋಷಿ ಇಬ್ಬರೂ ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೊರಟರು. ಭಾನುವಾರದ ಗಿರಾಕಿ. ಕಾರು ನಿಲ್ಲಿಸಲು ಜಾಗವಿಲ್ಲದೆ ಋಷಿ ನಾಲ್ಕಾರು ಸುತ್ತು ಹೊಡೆದ. ಸುಹಾಸಿನಿ ಬಾಳೆಲೆ, ಬಾಳೆಕಾಯಿ, ಹಾಗಲಕಾಯಿ ಕೊಂಡು ಅಂಗಡಿಯ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದಳು. ಬಸ್ಸಿನ ಹಿಂದೆ ಸಿಕ್ಕಿಕೊಂಡ ಋಷಿ ಸ್ಟೀರಿಂಗಿನ ಮೇಲೆ ಫೋನಿಟ್ಟುಕೊಂಡು ಸರ್ಕ್ಯೂಟ್ಸಿನ ಲೆಕ್ಕ ನೋಡುತ್ತಿದ್ದ. ಆ ಮಧ್ಯಾಹ್ನ ಹಾಗೆ ಕಳೆಯಿತು.

ಸೋಮವಾರ ಸುಹಾಸಿನಿ ರಜೆ ಹಾಕಿದಳು. ಇಂಚರ ಸ್ಕೂಲಿಗೆ ಹೋಗಲಿಲ್ಲ. ಇಂದುಮತಿಯವರು ತಲೆಗೆ ಸ್ನಾನ ಮಾಡಿ ಮಡಿಯುಟ್ಟು ಒಲೆಯ ಮುಂದೆ ನಿಂತರು. ಈರುಳ್ಳಿಯಿಲ್ಲ, ಮೆಣಸಿನಕಾಯಿಯಿಲ್ಲ; ಕಾಳುಮೆಣಸಿನ ಸಾರು, ಹಾಗಲಕಾಯಿ ಗೊಜ್ಜು, ಬಾಳೆಕಾಯಿ ಪಲ್ಯ, ಉದ್ದಿನ ವಡೆ, ಎಳ್ಳುಂಡೆ, ಪಾಯಸ. ಸಾಕೇತನಿಗೆ ವಡೆ ಗರಿಗರಿಯಾಗಿರಬೇಕಾಗಿತ್ತು. ಮೊದಲನೆಯ ವಡೆ ಮೆತ್ತಗಾಯಿತೆಂದು ಅವರು ಅದನ್ನು ಬದಿಗಿಟ್ಟರು.

ಶಿವರಾಮ ಭಟ್ಟರು ಬಂದು, ನಡುಮನೆಯಲ್ಲಿ ಮಣೆ ಹಾಕಿಸಿ, ಋಷಿಯ ಬೆರಳಿಗೆ ದರ್ಭೆಯ ಪವಿತ್ರ ತೊಡಿಸಿದರು. ಡೆಟ್ರಾಯ್ಟಿನಲ್ಲಿ ಆಗ ಪರೀಕ್ಷೆ ಶುರುವಾಗುವ ಹೊತ್ತು. ಋಷಿ ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ಭಟ್ಟರು ಸಂಕಲ್ಪ ಹೇಳಿಸತೊಡಗಿದರು. ಸಂವತ್ಸರ, ಋತು ಆಯಿತು.

"ಆಶ್ವಯುಜ ಮಾಸೇ..."

"ಆಶ್ವಯುಜ ಮಾಸೇ..."

"ಕೃಷ್ಣ ಪಕ್ಷೇ, ಷಷ್ಠ್ಯಾಂ ತಿಥೌ..."

"ಕೃಷ್ಣ ಪಕ್ಷೇ, ಷಷ್ಠ್ಯಾಂ..."

ಅಡುಗೆಮನೆಯಲ್ಲಿ ಇಂದುಮತಿಯವರ ಕೈ ಬಾಣಲೆಯ ಮೇಲೆ ನಿಂತುಬಿಟ್ಟಿತು. ಷಷ್ಠಿ ಎಂದರೆ ಪಂಚಮಿಯ ಮರುದಿನ. ಅವರು ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಎಣ್ಣೆ ಕೆಳಗೆ ತೊಟ್ಟಿಕ್ಕುತ್ತಿತ್ತು.

"ಭಟ್ರೇ, ಬಾಯಿ ತಪ್ಪಿತೇನೋ. ಇವತ್ತು ಪಂಚಮಿ ಅಲ್ಲವೇ?"

ಭಟ್ಟರು ತಲೆಯೆತ್ತಿದರು. "ಪಂಚಮಿ ನಿನ್ನೆ ಅಮ್ಮ."

"ಕ್ಯಾಲೆಂಡರಲ್ಲಿ ಸೋಮವಾರ ಅಂತ..."

"ಊರಿನ ಕ್ಯಾಲೆಂಡರೇ?" ಭಟ್ಟರ ದನಿ ತಗ್ಗಿತು. "ಅದು ಅಲ್ಲಿಯ ಸೂರ್ಯೋದಯಕ್ಕೆ ಅಮ್ಮ. ಅಲ್ಲಿ ಪಂಚಮಿ ಮುಗಿಯೋ ಹೊತ್ತಿಗೆ ನಮಗಿಲ್ಲಿ ಇನ್ನೂ ಬೆಳಕೇ ಹರಿದಿರೋದಿಲ್ಲ. ಇಲ್ಲಿಗೆ ಶ್ರಾದ್ಧಕ್ಕೆ ಬೇಕಾದ ಅಪರಾಹ್ನದ ಪಂಚಮಿ ಬಂದದ್ದು ನಿನ್ನೆ ಭಾನುವಾರ."

"ಮತ್ತೆ ನೀವು ಹೇಳಲಿಲ್ಲವಲ್ಲ."

"ನೀವು ಸೋಮವಾರ ಅಂದ್ರಿ. ಈ ದೇಶದಲ್ಲಿ ಎಲ್ಲರೂ ಅನುಕೂಲ ನೋಡಿ ದಿನ ಇಟ್ಕೋತಾರೆ. ನಿಮಗೂ ಸೋಮವಾರ ಅನುಕೂಲ ಅಂದ್ಕೊಂಡೆ."

ಅನುಕೂಲ ಎಂಬ ಆ ಮಾತು ಕೇಳಿ ಸುಹಾಸಿನಿ ಅತ್ತೆಯ ಕಡೆ ತಿರುಗಿದಳು.

"ವೇಟ್," ಎಂದಳು ಇಂಚರ. "ಸೋ ಇಟ್ ವಾಸ್ ಯೆಸ್ಟರ್‌ಡೇ?"

"ನಿನ್ನೆ ನಾನು ಇಲ್ಲೇ ಇದ್ದೆ," ಎಂದ ಋಷಿ. ಅವನು ಯಾರನ್ನೂ ನೋಡಿ ಹೇಳಲಿಲ್ಲ. ಬೆರಳಿನ ದರ್ಭೆಯನ್ನು ನೋಡುತ್ತಾ ಇನ್ನೊಮ್ಮೆ ಹೇಳಿದ. "ಇಲ್ಲೇ ಇದ್ದೆ."

ಭಟ್ಟರು ತಪ್ಪಿದ ತಿಥಿಗೆ ಶಾಸ್ತ್ರದಲ್ಲಿ ದಾರಿಯಿದೆ, ಶ್ರದ್ಧೆ ದೊಡ್ಡದು ಎಂದು ಸಮಾಧಾನ ಹೇಳಿ ಕಾರ್ಯ ಮುಂದುವರಿಸಿದರು. ಋಷಿ ಹೇಳಿಸಿದಂತೆ ಹೇಳಿದ, ಎಳ್ಳುನೀರು ಬಿಟ್ಟ, ಪಿಂಡ ಇಟ್ಟ. ಡೆಕ್ಕಿನ ಮೇಲೆ ಎಲೆಯಲ್ಲಿ ಅನ್ನವಿಟ್ಟು ಎಲ್ಲರೂ ಒಳಗೆ ನಿಂತು ಕಾದರು. ಬಹಳ ಹೊತ್ತಾದರೂ ಕಾಗೆ ಬರಲಿಲ್ಲ. ಕೊನೆಗೆ ಒಂದು ಅಳಿಲು ಬಂದು ವಡೆಯನ್ನು ಎತ್ತಿಕೊಂಡು ಹೋಯಿತು. ಇಂಚರ ಕೂಡ ಅದಕ್ಕೆ ಏನೂ ಅನ್ನಲಿಲ್ಲ.

ಊಟ ಮುಗಿಸಿ ದಕ್ಷಿಣೆ ಪಡೆದು ಎದ್ದ ಭಟ್ಟರನ್ನು ಸುಹಾಸಿನಿ ಬಾಗಿಲಲ್ಲಿ ತಡೆದಳು.

"ಭಟ್ರೇ, ಒಂದು ಸಾಲು ಬರೆದುಕೊಡಬೇಕು. ಇವತ್ತೇ ಮಾಡಬೇಕಾಗಿದ್ದ ಕಾರ್ಯ ಅಂತ. ಇವನ ಪರೀಕ್ಷೆಗೆ."

"ಇವತ್ತು ಮಾಡಿಸಿದೆ ಅಂತ ಬರೀತೀನಮ್ಮ. ಇವತ್ತೇ ಮಾಡಬೇಕಾಗಿತ್ತು ಅಂತ ಹೇಗೆ ಬರೀಲಿ?"

"ಒಂದು ಮಾತಿನ ವ್ಯತ್ಯಾಸ."

ಭಟ್ಟರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದುಮತಿಯವರ ಕಡೆ ತಿರುಗಿದರು. "ದೊಡ್ಡೋರು ನೀವು. ನೀವು ಹೇಳಿ. ನೀವು ಬರೀರಿ ಅಂದ್ರೆ ಬರೀತೀನಿ."

ಇಂದುಮತಿಯವರು ನಡುಮನೆಯ ನೆಲದ ಕಡೆ ನೋಡಿದರು. ಎಲೆಗಳನ್ನು ಇನ್ನೂ ಎತ್ತಿರಲಿಲ್ಲ. ಭಟ್ಟರು ಉಂಡ ನೆಲ ಇನ್ನೂ ಹಸಿಯಾಗಿತ್ತು. ಭಟ್ಟರು ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿ ಹೊರಟುಹೋದರು.

ಸುಹಾಸಿನಿ ಬಾಗಿಲು ಹಾಕಿ ಬಂದಳು.

"ಬರೀರಿ ಅನ್ನೋಕೆ ಏನಾಗಿತ್ತು ನಿಮಗೆ?"

"ಶ್ರಾದ್ಧದ ಮನೆಯಲ್ಲಿ ಸುಳ್ಳು ಹೇಗೆ ಹೇಳಿಸಲಿ ಕಣೆ? ಅ‍ವನು ಕೇಳಿಸ್ಕೊಳ್ಳೋದಿಲ್ಲವೇ?"

"ಅವರು ನಿನ್ನೆನೇ ಬಂದು ಹೋದ್ರಂತಲ್ಲ! ಇವತ್ತು ಕೇಳಿಸ್ಕೊಳ್ಳೋಕೆ ಯಾರಿದ್ರು ಇಲ್ಲಿ? ಭಾನುವಾರ ಮಾಡೋಣ ಅಂತ ಮಗು ಬೇಡ್ಕೊಂಡಿತು. ಪಾರ್ಟಿ ಅಂದ್ರಿ. ಅದೇ ದಿನ ಸರಿಯಾಗಿತ್ತು. ನಿಮ್ಮ ಕ್ಯಾಲೆಂಡರಿಗೆ ಅಪ್ಪನ ತಿಥಿನೂ ಹೋಯ್ತು, ಮಗನ ಓದೂ ಹೋಯ್ತು."

"ಅಮ್ಮ, ಸಾಕು," ಎಂದ ಋಷಿ. ಅವನು ಪಂಚೆ ಬಿಚ್ಚಿ ಪ್ಯಾಂಟು ತೊಟ್ಟು ಚೀಲ ತಗುಲಿಸಿಕೊಂಡಿದ್ದ. "ಬಸ್ಸಿಗೆ ಹೊತ್ತಾಯ್ತು."

ಇಂದುಮತಿಯವರು ಅವನಿಗೆಂದು ಎತ್ತಿಟ್ಟಿದ್ದ ಎಳ್ಳುಂಡೆಯ ಡಬ್ಬಿಯನ್ನು ಮುಂದೆ ಹಿಡಿದರು. ಅವನು ತೆಗೆದುಕೊಂಡ.

ಆ ರಾತ್ರಿ ಅವರು ಉಣ್ಣಲಿಲ್ಲ. ಮರುದಿನ ಇಂಚರ ಸ್ಕೂಲಿನಿಂದ ಬಂದದ್ದೇ, ಭಟ್ಟರಿಗೆ ಫೋನು ಹಚ್ಚಿಕೊಡು ಎಂದರು.

"ಭಟ್ರೇ, ಬರೆದುಕೊಡಿ."

"ಯೋಚನೆ ಮಾಡಿದ್ದೀರಾ ಅಮ್ಮ? ಇದರ ದೋಷ..."

"ನನಗಿರಲಿ. ನೀವು ಬರೀರಿ. ಹುಡುಗನಿಗೆ ತಗಲದ ಹಾಗೆ ನನ್ನ ಹೆಸರಿಗೆ ಇರಲಿ."

ಫೋನು ಕೊಟ್ಟು ಅವರು ದೇವರ ಮುಂದೆ ಹೋಗಿ ಕೂತರು. ದೀಪ ಹಚ್ಚಲಿಲ್ಲ. ಸಂಜೆ ಸುಹಾಸಿನಿ ಬಂದಾಗ, "ಭಟ್ಟರು ಬರೆದು ಫೋನಿಗೆ ಕಳಿಸ್ತಾರೆ. ಋಷಿಗೆ ಹೇಳು," ಎಂದರು. ಸುಹಾಸಿನಿ ಅವರ ಮುಖವನ್ನೇ ಒಂದು ಗಳಿಗೆ ನೋಡಿ, ಮಗನಿಗೆ ಫೋನು ಮಾಡಿದಳು.

"ಬೇಡಮ್ಮ," ಎಂದ ಋಷಿ. "ಬೆಳಿಗ್ಗೆ ಪ್ರೊಫೆಸರ್ ಹತ್ರ ಹೋಗಿದ್ದೆ. ಎಲ್ಲ ಹೇಳಿಬಿಟ್ಟೆ."

"ಏನು ಹೇಳ್ದೆ?"

"ನಡೆದದ್ದು ಹೇಳ್ದೆ. ದಿನ ಭಾನುವಾರ ಇತ್ತು, ನಾವು ತಪ್ಪು ನೋಡಿದ್ವಿ ಅಂತ. ಅಪ್ಪನ ವಿಷಯ ಅಲ್ವಾ, ಸುಳ್ಳು ಹೇಳೋಕೆ ಆಗಲಿಲ್ಲ. ಅವರು ಐ ಆಮ್ ಸಾರಿ ಅಂದ್ರು. ಹೋದ ವಾರ ಬೇರೆ ದಿನ ಬರೀತೀನಿ ಅಂದ ಇನ್ನೊಬ್ಬನಿಗೆ ಇಲ್ಲ ಅಂದಿದ್ರಂತೆ. ನನಗೆ ಹೇಗೆ ಕೊಡ್ತಾರೆ?"

"ಹಾಗಾದ್ರೆ ಸೊನ್ನೆನಾ?"

"ಸೊನ್ನೆ. ಫೈನಲ್ ಚೆನ್ನಾಗಿ ಮಾಡ್ತೀನಿ. ಅಜ್ಜಿಗೆ ಬೈಬೇಡ."

ಇಂದುಮತಿಯವರು ಎಲ್ಲವನ್ನೂ ಕೇಳಿಸಿಕೊಂಡರು. ತಮ್ಮ ಹೆಸರಿಗೆ ಬರೆಸಿಕೊಂಡ ಸುಳ್ಳು ಯಾವ ಕೆಲಸಕ್ಕೂ ಬಾರದೆ ಇಂಚರಳ ಫೋನಿನಲ್ಲಿ ಉಳಿಯಿತು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಜಗಳವೂ ಆಗಲಿಲ್ಲ. ಸುಹಾಸಿನಿ ಬೆಳಿಗ್ಗೆ ತನ್ನ ಕಾಫಿಯನ್ನು ತಾನು ಬೆರೆಸಿಕೊಂಡು ಪ್ರಯಾಣದ ಲೋಟಕ್ಕೆ ಹಾಕಿಕೊಂಡು ಹೊರಡುತ್ತಿದ್ದಳು. ಇಂದುಮತಿಯವರು ಮಾಡಿಟ್ಟದ್ದನ್ನು ಉಣ್ಣುತ್ತಿದ್ದಳು. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಹೇಳುತ್ತಿರಲಿಲ್ಲ. "ಕ್ಯಾನ್ ಸಮ್‌ಬಡಿ ಪ್ಲೀಸ್ ಟಾಕ್?" ಎಂದು ಇಂಚರ ಒಂದು ದಿನ ತಟ್ಟೆಯ ಮುಂದೆ ಅತ್ತುಬಿಟ್ಟಳು. ಇಬ್ಬರೂ ಅವಳಿಗೆ ಒಂದೊಂದು ತುತ್ತು ಕಲಸಿ ಕೊಟ್ಟರು. ಒಬ್ಬರೊಡನೊಬ್ಬರು ಮಾತಾಡಲಿಲ್ಲ.

ಡಿಸೆಂಬರಿನಲ್ಲಿ ಋಷಿ ಫೈನಲ್ ಬರೆದ. ಎಷ್ಟು ಚೆನ್ನಾಗಿ ಬರೆದರೂ ಸರ್ಕ್ಯೂಟ್ಸಿನಲ್ಲಿ ಸಿ ಗ್ರೇಡು ಬಂತು. ವಾರದೊಳಗೆ ಸ್ಕಾಲರ್‌ಶಿಪ್ ನಿಂತಿತೆಂದು ತಿಳಿಸಿದರು. ಅಶ್ವಥ್ ಫೋನು ಮಾಡಿದ.

"ಅಕ್ಕ, ಲೋನ್ ತೆಗೆಯೋಣ. ಜಾಮೀನಿಗೆ ನಾನು ಸೈನ್ ಮಾಡ್ತೀನಿ."

"ಮನೆ ಕಂತೇ ನಾನೊಬ್ಬಳು ಕಟ್ತಿದೀನಿ ಅಶ್ವಥ್. ಅದರ ಜೊತೆ ಇನ್ನೊಂದು ಸಾಲವನ್ನ ನಿನ್ನ ಮೇಲೆ ಯಾಕೆ ಹೇರಲಿ?"

"ಹುಡುಗ ತುಂಬಾ ಮೌನ ಆಗಿದಾನೆ. ಛಾಯಾ ಡಬ್ಬಿ ಕಟ್ಟಿ ಕೊಟ್ರೆ ಹಾಗೇ ವಾಪಸ್ ತರ್ತಾನೆ."

"ಕರ್ಕೊಂಡು ಬಾ," ಎಂದಳು ಸುಹಾಸಿನಿ.

ಜನವರಿಯ ಮೊದಲ ವಾರ ಅದೇ ವ್ಯಾನು ಬಂತು. ಹುಳಿಪುಡಿಯ ಪೊಟ್ಟಣ ಬಿಚ್ಚದೆಯೇ ಹಿಂದಿರುಗಿತ್ತು. ಊಟಕ್ಕೆ ಕೂತಾಗ ಋಷಿ, "ಇಲ್ಲೇ ಕಮ್ಯೂನಿಟಿ ಕಾಲೇಜಲ್ಲಿ ಎರಡು ಕ್ಲಾಸ್ ತಗೋತೀನಿ. ಸಂಜೆ ಕೆಲಸ ಮಾಡ್ತೀನಿ. ಮುಂದಿನ ವರ್ಷ ಮತ್ತೆ ಎಲ್ಲಾದ್ರೂ ಅಪ್ಲೈ ಮಾಡ್ತೀನಿ," ಎಂದ.

"ಆ ಸ್ಕಾಲರ್‌ಶಿಪ್ಪು?" ಎಂದು ಅಶ್ವಥ್ ಕೇಳಿದ.

"ಅದು ಮೊದಲನೇ ಸಲ ಟ್ರಾನ್ಸ್‌ಫರ್ ಆಗೋರಿಗೆ ಮಾತ್ರ ಮಾಮ."

ವರ್ಷ ಕಳೆದಿತ್ತು, ಮನೆಯಲ್ಲಿ ಸಿಹಿ ಮಾಡಬಾರದೆಂಬುದೇನೂ ಇನ್ನು ಇರಲಿಲ್ಲ. ವರ್ಗ ರದ್ದಾಗಿ ಹುಡುಗ ಮನೆಗೆ ಬಂದಿದ್ದ. ಇಂದುಮತಿಯವರು ಅನ್ನದ ಮೇಲೆ ಸಾರು ಬಡಿಸಿದರು. ಆಮೇಲೆ ಮಜ್ಜಿಗೆ ಬಡಿಸಿದರು.

ಹೊಸ ವರ್ಷದ ಕ್ಯಾಲೆಂಡರು ಮೈಸೂರಿನಿಂದ ಬಂದು ಸುರುಳಿ ಬಿಚ್ಚದೆ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಗೋಡೆಯ ಮೊಳೆ ಖಾಲಿಯಾಗಿತ್ತು.

"ಇದನ್ನ ಹಾಕಲ್ವಾ ಅಜ್ಜಿ?" ಎಂದು ಋಷಿ ಕೇಳಿದ.

"ಬೇಡ ಕಣೋ. ದಿನ ಬೇಕಾದ್ರೆ ಭಟ್ಟರನ್ನ ಕೇಳ್ಕೋ. ನನ್ನ ಕೇಳಬೇಡ."

ಕಾಲೇಜು ಶುರುವಾದ ದಿನ ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಋಷಿಗೆ ಮಧ್ಯಾಹ್ನದ ಕ್ಲಾಸು. ಮೊದಲಿನ ಬಸ್ಸೇ, ಮೊದಲಿನ ನಿಲ್ದಾಣವೇ. ಅವನು ಕೋಟು ಹಾಕಿಕೊಂಡು ಅಡುಗೆಮನೆಗೆ ಬಂದಾಗ ಅಜ್ಜಿ ಒಂದು ಹಿಡಿ ಅನ್ನಕ್ಕೆ ತುಪ್ಪ ಹಾಕಿ ಎಳ್ಳು ಬೆರೆಸಿ, ಗಾಜಿನ ಬಾಗಿಲು ಸರಿಸಲು ಹೆಣಗುತ್ತಿದ್ದರು. ಬಾಗಿಲಿಗೆ ಹಿಮ ಕಚ್ಚಿಕೊಂಡಿತ್ತು.

"ಇವತ್ತೇನು ಅಜ್ಜಿ?"

"ಏನೂ ಇಲ್ಲ. ದಿನಾ ಇಡ್ತೀನಿ ಈಗ." ಅವರು ತಟ್ಟೆಯನ್ನು ನೋಡುತ್ತಾ ಹೇಳಿದರು. "ಅವತ್ತು ಬಂದಿತ್ತು, ನಾಳೆ ಬಾ ಅಂದುಬಿಟ್ಟೆ. ಯಾವ ನಾಳೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?"

ಋಷಿ ಚೀಲವನ್ನು ಅಪ್ಪನ ಕುರ್ಚಿಯ ಮೇಲಿಟ್ಟು, ಬಾಗಿಲನ್ನು ತಳ್ಳಿ ತೆಗೆದು ಹೊರಗೆ ಹೋದ. ಕಟಾಂಜನದ ಮೇಲಿನ ಹಿಮವನ್ನು ಬರಿಗೈಯಿಂದ ಈ ತುದಿಯಿಂದ ಆ ತುದಿಯವರೆಗೆ ತಳ್ಳಿ, ಒಂದು ಎಲೆಯಷ್ಟು ಜಾಗವನ್ನು ಕೋಟಿನ ತೋಳಿನಿಂದ ಒರೆಸಿದ. ಆಮೇಲೆ ಅಜ್ಜಿಯ ಕೈಯಿಂದ ತಟ್ಟೆ ತೆಗೆದುಕೊಂಡು ಅನ್ನವನ್ನು ಅಲ್ಲಿ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟ.